ಘಾಟಿ ಹತ್ತುವಾಗ ಕಾರು ಜರ್ಕ್ ಹೊಡೆಯುತ್ತಿದೆ: ಫ್ಯೂಯಲ್ ಪಂಪ್ ಬದಲಿಸುವ ಮೊದಲು ಏನೇನು ನೋಡಬೇಕು?

ಕಾಫಿಸೀಮೆ, ಸಕಲೇಶಪುರ:
ಎಲ್ಲರಿಗೂ ನಮಸ್ಕಾರ. ನನ್ನದು 2016ರ ಮಾದರಿಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ, ಮ್ಯಾನುವಲ್ ಗೇರಿನ ಸಣ್ಣ ಕಾರು. ಮಳೆ ಹಿಡಿದಂದಿನಿಂದ ಇದು ಶಿರಾಡಿ ಘಾಟಿಯಲ್ಲಿ ಕಾಟ ಕೊಡುತ್ತಿದೆ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮೂರನೆಯ ಗೇರಿನಲ್ಲಿ, ಎಂಜಿನ್ ಸುಮಾರು 2000 ಆರ್‌ಪಿಎಂನಲ್ಲಿರುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ, ಯಾರೋ ಹಿಂದಿನಿಂದ ಹಿಡಿದು ಹಿಡಿದು ಬಿಟ್ಟಂತೆ ಕಾರು ಮುಗ್ಗರಿಸುತ್ತದೆ. ಕಾಲು ಸಡಿಲಿಸಿದರೆ ಸರಿಹೋಗುತ್ತದೆ. ಎರಡನೆಯ ಗೇರಿಗೆ ಇಳಿಸಿ ಎಂಜಿನ್ನನ್ನು 3000ದಲ್ಲಿ ಓಡಿಸಿದರೂ ಬಹುಮಟ್ಟಿಗೆ ತೊಂದರೆಯಿಲ್ಲ. ಹಾಸನದ ಕಡೆಯ ಸಮತಟ್ಟು ರಸ್ತೆಯಲ್ಲಿ ಕಾರು ಎಂದಿನಂತೆಯೇ ಓಡುತ್ತದೆ. ಜರ್ಕ್ ಬಂದಾಗ ಕೆಲವೊಮ್ಮೆ ಹಳದಿ ಎಂಜಿನ್ ದೀಪ ಮಿನುಗಿ, ಆಮೇಲೆ ಆರಿಹೋಗುತ್ತದೆ.

ಇಲ್ಲಿನ ಗ್ಯಾರೇಜಿನಲ್ಲಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ಬಿಚ್ಚಿ ತೊಳೆದರು, ಏರ್ ಫಿಲ್ಟರ್ ಹೊಸದು ಹಾಕಿದರು. ಕೆಲವು ದಿನ ಚೆನ್ನಾಗಿತ್ತು, ಮತ್ತೆ ಶುರುವಾಯಿತು. ಈಗ ಅವರು ಸ್ಕ್ಯಾನರ್ ಹಾಕಿ, "ಲೀನ್ ತೋರಿಸುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ, ಟ್ಯಾಂಕಿನೊಳಗಿನ ಪಂಪ್ ಬದಲಿಸಬೇಕು" ಎನ್ನುತ್ತಿದ್ದಾರೆ. ಅಷ್ಟು ಹಣ ಹಾಕುವ ಮೊದಲು ನಾನು ಏನನ್ನು ಖಚಿತಪಡಿಸಿಕೊಳ್ಳಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ಕರಾವಳಿ ಚಾಲಕ, ಮಂಗಳೂರು:
ಮೊದಲು ಒಂದು ಎಚ್ಚರಿಕೆ. ಎಂಜಿನ್ ದೀಪ ಸ್ಥಿರವಾಗಿ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದೆ ಎಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೆಯೇ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಎಂದರ್ಥ. ಅದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡರೆ ಅಲ್ಲಿನ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ದೀಪ ಮಿನುಗಿದ ಕೂಡಲೇ ಕಾಲು ಹಗುರ ಮಾಡಿ, ಅದೇ ಗೇರಿನಲ್ಲಿ ಒತ್ತಿಕೊಂಡು ಘಾಟಿ ಹತ್ತಬೇಡಿ.

ಬಯಲುಸೀಮೆ, ಚಿತ್ರದುರ್ಗ:
ಇದಕ್ಕೆಲ್ಲ ಇ20 ಪೆಟ್ರೋಲೇ ಕಾರಣ. 2016ರ ಕಾರು ಶೇಕಡಾ 20ರಷ್ಟು ಎಥನಾಲ್ ಕುಡಿಯಲೆಂದು ತಯಾರಾದದ್ದಲ್ಲ. ನಮ್ಮ ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರೆಲ್ಲ ಪಿಕಪ್ ಇಲ್ಲ, ಮೈಲೇಜ್ ಇಲ್ಲ ಎಂದು ಇದೇ ಗೋಳು ಹೇಳುತ್ತಿದ್ದಾರೆ. ಬಂಕ್ ಬದಲಿಸಿ ನೋಡಿ.

ದಾವಣಗೆರೆ ಗ್ಯಾರೇಜ್:
ನಾನು ಇದೇ ಕೆಲಸದಲ್ಲಿರುವವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಕಲೇಶಪುರದವರು ತೊಂದರೆಯನ್ನು ಬಹಳ ಚೆನ್ನಾಗಿ ಬರೆದಿದ್ದಾರೆ, ಅರ್ಧ ಉತ್ತರ ಅದರಲ್ಲಿಯೇ ಇದೆ. ಗಿರಾಕಿಗಳು ಬಂದು "ಗಾಡಿ ಜರ್ಕ್ ಹೊಡೀತಿದೆ" ಎಂದಷ್ಟೇ ಹೇಳಿ ಕೀಲಿ ಕೊಟ್ಟು ಹೋದರೆ ನಾವೂ ಅಂದಾಜಿನ ಮೇಲೆ ಕೈಹಾಕಬೇಕಾಗುತ್ತದೆ. ಯಾವ ಗೇರು, ಎಷ್ಟು ಆರ್‌ಪಿಎಂ, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಮಳೆಯಿತ್ತೋ ಬಿಸಿಲಿತ್ತೋ, ಕಾಲು ಒತ್ತಿದಾಗಲೋ ಬಿಟ್ಟಾಗಲೋ ಎಂಬುದನ್ನು ಹೇಳಿದರೆ ಸ್ಕ್ಯಾನರ್ ಹಾಕುವ ಮೊದಲೇ ಹುಡುಕಬೇಕಾದ ಜಾಗ ಕಿರಿದಾಗುತ್ತದೆ.

ಒಂದನೆಯ ಗೇರಿನಲ್ಲಿ ಕ್ಲಚ್ ಬಿಡುವಾಗ ಮಾತ್ರ ಇಡೀ ಕಾರು ನಡುಗಿದರೆ ಕ್ಲಚ್ ಪ್ಲೇಟನ್ನೂ ಎಂಜಿನ್ ಮೌಂಟನ್ನೂ ನೋಡಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏಕಾಏಕಿ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಐಡಲ್‌ನಲ್ಲಿಯೇ ಏರುಪೇರಾಗಿ, ವೇಗ ಹಿಡಿದ ಮೇಲೆ ಸರಿಹೋದರೆ ಎಲ್ಲಿಯೋ ಪೈಪ್ ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿರುತ್ತದೆ. ಪಂಪ್ ದುರ್ಬಲವಾಗಿದ್ದರೆ ಸಾಮಾನ್ಯವಾಗಿ ಹೆಚ್ಚು ಆರ್‌ಪಿಎಂನಲ್ಲಿ, ತುಸು ಹೊತ್ತು ಒಂದೇ ಸಮನೆ ಎಳೆದಾಗ, ಶಕ್ತಿ ಮೆಲ್ಲಗೆ ಕುಸಿಯುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಕಾಲು ಕೊಟ್ಟ ಕ್ಷಣವೇ ಟಕ್ ಟಕ್ ಎಂದು ಮುಗ್ಗರಿಸಿ, ಕಾಲು ಸಡಿಲಿಸಿದ ಕ್ಷಣವೇ ಸರಿಯಾಗುವುದು ಬಹುತೇಕ ಬೆಂಕಿಯ ಕಡೆಯ, ಅಂದರೆ ಸ್ಪಾರ್ಕ್ ಪ್ಲಗ್ ಮತ್ತು ಅದಕ್ಕೆ ಕಿಡಿಯ ವಿದ್ಯುತ್ತು ಕೊಡುವ ಕಾಯಿಲಿನ ಕಡೆಯ ಲಕ್ಷಣ. ಪೆಟ್ರೋಲ್ ಕೊರತೆಯಾಗಿದ್ದರೆ ನೀವು ಎರಡನೆಯ ಗೇರಿನಲ್ಲಿ 3000 ಆರ್‌ಪಿಎಂನಲ್ಲಿ ಓಡಿಸಿದಾಗ ಅದು ಇನ್ನೂ ಹೆಚ್ಚಾಗಬೇಕಿತ್ತು.

ಬಯಲುಸೀಮೆ, ಚಿತ್ರದುರ್ಗ:
ಪ್ಲಗ್ ನಾಲ್ಕೂ ಬದಲಿಸಿ ಆಗಿದೆ ಎಂದು ಅವರೇ ಬರೆದಿದ್ದಾರಲ್ಲ? ಇನ್ನೆಲ್ಲಿಯ ಬೆಂಕಿ? ಪೆಟ್ರೋಲಿನ ಗುಣಮಟ್ಟದ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸುವುದು ಸರಿಯಲ್ಲ.

ಪಾಠದ ಮೇಜು, ಮೈಸೂರು:
ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುವವಳು. ಇ20 ವಿಚಾರವನ್ನು ಸರಿಸುವುದೂ ಬೇಡ, ಎಲ್ಲದಕ್ಕೂ ಅದನ್ನೇ ಹೊಣೆ ಮಾಡುವುದೂ ಬೇಡ. 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು. ಆ ವರ್ಷದ ಏಪ್ರಿಲ್‌ಗಿಂತ ಮೊದಲು ತಯಾರಾದ ಎಷ್ಟೋ ಕಾರುಗಳ ರಬ್ಬರ್ ಭಾಗಗಳು ಇದನ್ನು ಲೆಕ್ಕಕ್ಕಿಟ್ಟು ಮಾಡಿದವಲ್ಲ ಎಂಬುದು ನಿಜ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೆಯ ಎರಡು ಭಾಗ ಮಾತ್ರ. ಹಾಗಾಗಿ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ಆರೇಳು ಶೇಕಡಾ ಶಕ್ತಿ ಕಡಿಮೆ, ಮೈಲೇಜ್ ಇಳಿಯುವುದು ಸಹಜ.

ಆದರೆ ಮೈಲೇಜ್ ಇಳಿಯುವುದೇ ಬೇರೆ, ಜರ್ಕ್ ಬರುವುದೇ ಬೇರೆ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಅಂದರೆ ಇ10ರಿಂದ ಇ20ಕ್ಕೆ ಬಂದಾಗ ಎಂಜಿನ್ನಿನ ಕಂಪ್ಯೂಟರ್ ಸುಮಾರು ನಾಲ್ಕು ಶೇಕಡಾ ಹೆಚ್ಚು ಇಂಧನ ಸಿಂಪಡಿಸಬೇಕು. ಆಕ್ಸಿಜನ್ ಸೆನ್ಸರ್ ಇರುವ ಯಾವುದೇ ಕಾರು ಇಷ್ಟನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಅಲ್ಲದೆ ಇ20ರ ದೋಷವಾಗಿದ್ದರೆ ನಾಲ್ಕೂ ಸಿಲಿಂಡರಿಗೆ ಸಮನಾಗಿ ತಟ್ಟಬೇಕು. ಆದ್ದರಿಂದ ಈಗ ಬೇಕಾದದ್ದು ಮಿಸ್‌ಫೈರ್, ಅಂದರೆ ಪೆಟ್ರೋಲ್ ಉರಿಯದೆ ಹೋಗುವುದು, ಯಾವ ಸಿಲಿಂಡರಿನದು ಎಂಬ ಉತ್ತರ.

ಕರಾವಳಿ ಚಾಲಕ, ಮಂಗಳೂರು:
ಮೇಡಂ, ಗ್ಯಾರೇಜಿನವರು ಸ್ಕ್ಯಾನರಿನಲ್ಲಿ ಲೀನ್ ಕಂಡಿದ್ದಾರೆ ಎಂಬುದನ್ನು ಮರೆಯಬಾರದು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಸೆನ್ಸರೇ ಹೇಳುತ್ತಿರುವಾಗ ಪಂಪನ್ನು ಅನುಮಾನಿಸುವುದರಲ್ಲಿ ತಪ್ಪೇನಿದೆ? ನನ್ನ ತಮ್ಮನ ಕಾರಿನಲ್ಲಿ ಪಂಪ್ ಬದಲಿಸಿದ ಮೇಲೆಯೇ ಜರ್ಕ್ ನಿಂತಿತು. ಅವನಿಗೆ ಯಾವಾಗಲೂ ರಿಸರ್ವಿನಲ್ಲೇ ಕಾರು ಓಡಿಸುವ ಅಭ್ಯಾಸ, ಪೆಟ್ರೋಲಿನಲ್ಲಿ ಮುಳುಗಿ ತಣ್ಣಗಿರಬೇಕಾದ ಪಂಪ್ ಕಾದು ಕಾದು ಸೋತಿತ್ತು.

ಪಾಠದ ಮೇಜು, ಮೈಸೂರು:
ಅನುಮಾನಿಸುವುದರಲ್ಲಿ ತಪ್ಪಿಲ್ಲ, ಅಳೆಯದೆ ಬದಲಿಸುವುದು ತಪ್ಪು. ಅನೇಕರು ಎಡವುವ ಜಾಗವೇ ಇದು. ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮಾತ್ರ ನೋಡುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹಾರದಿದ್ದರೆ ಅಲ್ಲಿಗೆ ಹೋದ ಪೆಟ್ರೋಲೂ ಉರಿಯುವುದಿಲ್ಲ, ಆಮ್ಲಜನಕವೂ ಖರ್ಚಾಗುವುದಿಲ್ಲ. ಆ ಆಮ್ಲಜನಕ ಹಾಗೆಯೇ ಹೊರಬಂದು ಸೆನ್ಸರಿಗೆ ತಗುಲಿದಾಗ ಅದು "ಲೀನ್" ಎಂದೇ ವರದಿ ಮಾಡುತ್ತದೆ, ಸಿಲಿಂಡರಿನಲ್ಲಿ ಪೆಟ್ರೋಲ್ ಬೇಕಾದಷ್ಟು ಇದ್ದರೂ ಸಹ. ಹಾಗಾಗಿ ಮಿಸ್‌ಫೈರ್ ಇರುವ ಎಂಜಿನ್ನಿನಲ್ಲಿ ಲೀನ್ ಎಂಬ ಒಂದೇ ಓದಿನ ಮೇಲೆ ಪಂಪಿಗೆ ಶಿಕ್ಷೆ ಕೊಡಲಾಗದು.

ಪಂಪಿನ ಪರೀಕ್ಷೆಗೆ ಪ್ರೆಶರ್ ಗೇಜ್ ಇದೆ. ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡವಿರಬೇಕು, ಎಂಜಿನ್ ಎಬ್ಬಿಸಿದಾಗಲೂ ಬೀಳಬಾರದು. ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸವಾದ್ದರಿಂದ ಇದನ್ನು ಮನೆಯಲ್ಲಿ ಮಾಡದೆ ಗ್ಯಾರೇಜಿನಲ್ಲಿಯೇ ಮಾಡಿಸಿ. ಜತೆಗೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ತಾನಾಗಿ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಎಂಬ ಲೆಕ್ಕ, ಎಷ್ಟಿದೆ ಎಂದು ಓದಿಸಿ. ಹತ್ತು ಶೇಕಡಾದೊಳಗೆ ಇದ್ದರೆ ಇಂಧನದ ಕಡೆ ದೊಡ್ಡ ದೋಷವಿರುವ ಸಾಧ್ಯತೆ ಕಡಿಮೆ.

ತುಂಗಾತೀರ, ತೀರ್ಥಹಳ್ಳಿ:
ಮಲೆನಾಡಿನವರು ಮೊದಲು ಬಾನೆಟ್ ತೆಗೆದು ಇಲಿ ಬಂದಿದೆಯೇ ನೋಡಬೇಕು ಎಂಬುದು ನನ್ನ ಅನುಭವ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಮೇಲೆ ಬಂದು ಕೂರುವ ಇಲಿಗಳು ನಮ್ಮ ಕಾರಿನ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ವೈರನ್ನು ಕಡಿದಿದ್ದವು. ಪೂರ್ತಿ ತುಂಡಾಗಿರಲಿಲ್ಲ, ಎರಡು ಎಳೆ ತಾಮ್ರ ಉಳಿದಿತ್ತು. ಸಮತಟ್ಟಿನಲ್ಲಿ ಕಾರು ಸರಿಯಾಗಿ ಓಡುತ್ತಿತ್ತು, ಆಗುಂಬೆಯ ತಿರುವುಗಳಲ್ಲಿ ಎಂಜಿನ್ ಅಲುಗಿದಾಗ ಮಾತ್ರ ಆ ಎಳೆಗಳು ಬಿಟ್ಟು ಬಿಟ್ಟು ತಾಗಿ ಜರ್ಕ್ ಬರುತ್ತಿತ್ತು. ಕಣ್ಣಿಗೆ ಕಾಣುವಂತೆ ಟೇಪ್ ಸುತ್ತಿದ ವೈರುಗಳನ್ನು ಕೈಯಿಂದ ಒಂದೊಂದಾಗಿ ಮುಟ್ಟಿ ನೋಡಿದರೆ ಮಾತ್ರ ಇದು ಸಿಗುತ್ತದೆ.

ಹೆದ್ದಾರಿ ಪಯಣಿಗ, ತುಮಕೂರು:
ಇಲಿಯ ವಿಚಾರ ನೂರಕ್ಕೆ ನೂರು ನಿಜ.

ಡೀಸೆಲ್ ಗೆಳೆಯ, ವಿಜಯಪುರ:
ನನ್ನ ಡೀಸೆಲ್ ಕಾರಿನಲ್ಲಿಯೂ 1800 ಆರ್‌ಪಿಎಂ ಸುಮಾರಿಗೆ, ಟರ್ಬೊ ಎಳೆಯಲು ಶುರುಮಾಡುವ ಹೊತ್ತಿಗೆ ಇದೇ ರೀತಿ ಆಗುತ್ತಿದೆ. ಪ್ಲಗ್ ಬದಲಿಸಿದರೆ ಸರಿಹೋಗಬಹುದೇ?

ದಾವಣಗೆರೆ ಗ್ಯಾರೇಜ್:
ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ ಸರ್, ಅಲ್ಲಿರುವುದು ಸ್ಟಾರ್ಟ್ ಮಾಡುವಾಗ ಬಿಸಿ ಕೊಡುವ ಗ್ಲೋ ಪ್ಲಗ್. ನೀವು ಮೊದಲು ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಸೇರಿದೆಯೇ ನೋಡಿ, ಆಮೇಲೆ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಕಾರ್ಬನ್ ಹಿಡಿದು ಸಿಕ್ಕಿಕೊಂಡಿದೆಯೇ, ಟರ್ಬೊದ ರಬ್ಬರ್ ಪೈಪ್ ಸೀಳಿದೆಯೇ ಎಂದು ಪರೀಕ್ಷೆ ಮಾಡಿಸಿ.

ಹಳೇ ಗಾಡಿ, ಧಾರವಾಡ:
ಅಂಬಾಸಿಡರ್, ಪದ್ಮಿನಿಗಳನ್ನು ಬಿಚ್ಚಿ ಜೋಡಿಸಿಕೊಂಡು ಬಂದವನು ನಾನು. ಆಗ ಸ್ಕ್ಯಾನರ್ ಎಂಬುದೇ ಇರಲಿಲ್ಲ. ಮಳೆಗಾಲದಲ್ಲಿ ಗಾಡಿ ಮಿಸ್ಸಿಂಗ್ ಹೊಡೆದರೆ ಪ್ಲಗ್ಗುಗಳಿಗೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸುತ್ತಿದ್ದೆವು, ಹತ್ತರಲ್ಲಿ ಎಂಟು ಸಲ ಅಲ್ಲಿಗೆ ಮುಗಿಯುತ್ತಿತ್ತು. ಈಗಿನ ಕಾರಿನಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲದಿರಬಹುದು, ಆದರೆ ಸಾವಿರಾರು ವೋಲ್ಟ್ ವಿದ್ಯುತ್ತು ತೇವ ಕಂಡಲ್ಲಿ ದಾರಿ ತಪ್ಪುವುದು ಬದಲಾಗಿಲ್ಲ. ಮಳೆ ಹಿಡಿದಂದಿನಿಂದ ಶುರುವಾಯಿತು ಎಂಬ ಮಾತಿಗೆ ಯಾರೂ ಗಮನ ಕೊಟ್ಟಂತಿಲ್ಲ. ರಾತ್ರಿ ಕತ್ತಲೆಯಲ್ಲಿ, ಎಂಜಿನ್ ಓಡುತ್ತಿರುವಾಗ, ಬಾನೆಟ್ ತೆಗೆದು ಕಾಯಿಲ್‌ಗಳ ಸುತ್ತ ಸ್ಪ್ರೇ ಬಾಟಲಿಯಿಂದ ಸಣ್ಣ ಹನಿಯಾಗಿ ನೀರು ಸಿಂಪಡಿಸಿ. ಎಲ್ಲಿ ಎಂಜಿನ್ ಮುಗ್ಗರಿಸುತ್ತದೋ, ಎಲ್ಲಿ ನೀಲಿ ಕಿಡಿ ಹರಿದಾಡುತ್ತದೋ ಅಲ್ಲಿ ಕಳ್ಳನಿದ್ದಾನೆ. ಕೈ ಮಾತ್ರ ದೂರವಿರಲಿ.

ಸಿಲಿಕಾನ್ ಸಿಟಿ, ಬೆಂಗಳೂರು:
ನನ್ನದು ಎಎಂಟಿ ಗೇರಿನ ಕಾರು. ಟ್ರಾಫಿಕ್ಕಿನಲ್ಲಿ ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಪ್ರತಿ ಸಲವೂ ತಲೆ ಮುಂದಕ್ಕೆ ಬಾಗುತ್ತದೆ. ಇದೂ ಮಿಸ್‌ಫೈರ್ ಆಗಿರಬಹುದೇ?

ಪಾಠದ ಮೇಜು, ಮೈಸೂರು:
ಅಲ್ಲ. ಎಎಂಟಿಯಲ್ಲಿ ಕ್ಲಚ್ಚನ್ನು ಯಂತ್ರವೇ ಒತ್ತಿ ಬಿಡುತ್ತದೆ, ಆ ನಡುವೆ ಎಳೆತ ನಿಲ್ಲುವುದರಿಂದ ತುಸು ತೂಗಾಟ ಅದರ ಸ್ವಭಾವ. ಮೊದಲಿಗಿಂತ ಹೆಚ್ಚಾಗಿದ್ದರೆ ಕ್ಲಚ್ ಸವೆತಕ್ಕೆ ತಕ್ಕಂತೆ ಅದನ್ನು ಮರುಹೊಂದಿಸಬೇಕಾಗುತ್ತದೆ, ಸರ್ವೀಸ್ ಕೇಂದ್ರದ ಸ್ಕ್ಯಾನರಿನಿಂದ ಆ ಕೆಲಸ ಮಾಡುತ್ತಾರೆ.

ಕಾಫಿಸೀಮೆ, ಸಕಲೇಶಪುರ:
ಎಲ್ಲರಿಗೂ ಧನ್ಯವಾದಗಳು. ಇವತ್ತು ಹಾಸನದಲ್ಲಿ ಪರಿಚಯದವರ ಗ್ಯಾರೇಜಿನಲ್ಲಿ ಕೂತು ಎಲ್ಲವನ್ನೂ ಓದಿಸಿಕೊಂಡು ಬಂದೆ. ಪೆಟ್ರೋಲ್ ಒತ್ತಡ 3.5 ಬಾರ್ ಆಸುಪಾಸಿನಲ್ಲಿ ನಿಂತಿತ್ತು, ಎಂಜಿನ್ ಎಬ್ಬಿಸಿದಾಗಲೂ ಮುಳ್ಳು ಅಲುಗಲಿಲ್ಲ. ಲಾಂಗ್ ಟರ್ಮ್ ಟ್ರಿಮ್ ಶೇಕಡಾ 5 ತೋರಿಸಿತು. ಕಾರಿನ ಕಂಪ್ಯೂಟರಿನ ನೆನಪಿನಲ್ಲಿ ಪಿ 0300 ಮತ್ತು ಪಿ 0303 ಎಂಬ ಎರಡು ದೋಷದ ಕೋಡ್‌ಗಳಿದ್ದವು. ಕೋಡ್ ಬಿದ್ದ ಕ್ಷಣದ ದಾಖಲೆಯನ್ನೂ ಅವರು ತೆಗೆದರು: ಆಗ ಎಂಜಿನ್ 2050 ಆರ್‌ಪಿಎಂನಲ್ಲಿತ್ತು, ಲೋಡ್ ಶೇಕಡಾ 80ಕ್ಕಿಂತ ಮೇಲಿತ್ತು, ಕೂಲೆಂಟ್ 86 ಡಿಗ್ರಿ ಇತ್ತು. ಇಲಿ ಕಡಿದ ಗುರುತು ಎಲ್ಲಿಯೂ ಕಾಣಲಿಲ್ಲ.

ದಾವಣಗೆರೆ ಗ್ಯಾರೇಜ್:
ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಪಂಪ್ ನಿರಪರಾಧಿ. ಪಿ 0300 ಎಂದರೆ ಮಿಸ್‌ಫೈರ್ ಇದೆ, ಯಾವ ಸಿಲಿಂಡರ್ ಎಂದು ಖಚಿತವಿಲ್ಲ; ಪಿ 0303 ಎಂದರೆ ಮೂರನೆಯ ಸಿಲಿಂಡರ್. ಈಗ ಕಾಸು ಖರ್ಚಿಲ್ಲದ ಪರೀಕ್ಷೆಯೊಂದನ್ನು ಮಾಡಿ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿ, ಕೋಡ್ ಅಳಿಸಿ, ಅದೇ ಏರಿನಲ್ಲಿ ಓಡಿಸಿ. ಪಿ 0301 ಬಂದರೆ ಕಾಯಿಲ್ ಕೆಟ್ಟಿದೆ. ಪಿ 0303ಯೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಎಂದು ಮುಂದುವರಿಯಬೇಕು.

ಕರಾವಳಿ ಚಾಲಕ, ಮಂಗಳೂರು:
ಗೇಜ್ ಓದಿದ ಮೇಲೆ ಪಂಪಿನ ವಾದವನ್ನು ನಾನು ಮುಂದುವರಿಸುವುದಿಲ್ಲ. ಆದರೆ ಇದನ್ನು ಓದುವ ಇತರರಿಗೆ ಒಂದು ಮಾತು: ಹಿಂದೆ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರು ಒಂದೊಂದಾಗಿ ಕಿತ್ತು ನೋಡುತ್ತಿದ್ದ ಪದ್ಧತಿಯನ್ನು ಈಗಿನ ಕಾಯಿಲ್‌ಗಳ ಮೇಲೆ ಪ್ರಯೋಗಿಸಬೇಡಿ. ಕೈಗೂ ಅಪಾಯ, ಕಾಯಿಲಿಗೂ ಅಪಾಯ.

ಮಿಶಿಗನ್ ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ದೋಷವನ್ನು ಕೋಡ್ ರೂಪದಲ್ಲಿ ದಾಖಲಿಸುವ ಓಬಿಡಿ-2 ವ್ಯವಸ್ಥೆ ಕಡ್ಡಾಯವಾಗಿದ್ದು, ಬಿಡಿಭಾಗದ ಎಷ್ಟೋ ಅಂಗಡಿಗಳಲ್ಲಿ ಕೋಡನ್ನು ಉಚಿತವಾಗಿಯೇ ಓದಿಕೊಡುತ್ತಾರೆ. ಭಾರತದಲ್ಲಿಯೂ 2013ರ ಏಪ್ರಿಲ್‌ನಿಂದ ಓಬಿಡಿ-2 ಬಂದಿರುವುದರಿಂದ 2016ರ ಕಾರಿಗೆ ಬ್ಲೂಟೂತ್ ಅಡಾಪ್ಟರ್ ಒಂದನ್ನು ಕೊಂಡು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿಯೇ ಓದಬಹುದು. ಓಡಿಸುವವರು ಫೋನ್ ನೋಡಬಾರದು, ಪಕ್ಕದಲ್ಲಿ ಕೂತವರು ನೋಡಬೇಕು.

ಕಾಫಿಸೀಮೆ, ಸಕಲೇಶಪುರ:
ಕಾಯಿಲ್ ಅದಲುಬದಲು ಮಾಡಿ, ಮಾರನಹಳ್ಳಿವರೆಗೆ ಇಳಿದು ಮತ್ತೆ ಹತ್ತಿ ಬಂದೆ. ಈಗ ಪಿ 0301 ಮತ್ತು ಪಿ 0303 ಎರಡೂ ಬಂದಿವೆ! ಮೊದಲಿಗಿಂತ ಜರ್ಕ್ ಹೆಚ್ಚಾಗಿದೆ. ಕಾಯಿಲ್ ಕೆಟ್ಟಿದ್ದರೆ ಒಂದಕ್ಕೆ ಹೋಗಬೇಕಿತ್ತು, ಪ್ಲಗ್ ಕೆಟ್ಟಿದ್ದರೆ ಮೂರರಲ್ಲಿ ಉಳಿಯಬೇಕಿತ್ತು. ಎರಡೂ ಬಂದರೆ ಏನರ್ಥ?

ಬಯಲುಸೀಮೆ, ಚಿತ್ರದುರ್ಗ:
ಒಂದೇ ಸಿಲಿಂಡರ್ ಅಲ್ಲ ಎಂದಾಯಿತಲ್ಲ. ನಾನು ಮೊದಲೇ ಹೇಳಿದ್ದೆ, ಪೆಟ್ರೋಲ್ ನೋಡಿ ಎಂದು.

ಪಾಠದ ಮೇಜು, ಮೈಸೂರು:
ದಯವಿಟ್ಟು ತಾಳಿ. ಪೆಟ್ರೋಲ್ ಕಾರಣವಾಗಿದ್ದರೆ ಎರಡು ಮತ್ತು ನಾಲ್ಕನೆಯ ಸಿಲಿಂಡರುಗಳು ಏಕೆ ಸುಮ್ಮನಿವೆ? ದೋಷ ಕಾಯಿಲ್ ಜತೆಗೆ ಒಂದಕ್ಕೂ ಹೋಗಿದೆ, ಮೂರರಲ್ಲಿಯೂ ಉಳಿದಿದೆ. ಹಾಗಾದರೆ ಕೆಟ್ಟಿರುವುದು ಎರಡು ವಸ್ತುಗಳು: ಕಾಯಿಲಿಗೆ ಅಂಟಿಕೊಂಡ ಯಾವುದೋ ಒಂದು, ಮೂರನೆಯ ಸಿಲಿಂಡರಿನಲ್ಲಿಯೇ ಉಳಿದ ಯಾವುದೋ ಒಂದು. ಈ ಎರಡನ್ನೂ ಒಟ್ಟಿಗೆ ಕೆಡಿಸುವ ಒಂದು ರೋಗವನ್ನು ನಾನು ಬಲ್ಲೆ.

ಕಾಯಿಲಿನ ಕೆಳಗೆ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ತಬ್ಬಿಕೊಂಡಿರುವ ರಬ್ಬರ್ ಬೂಟ್ ಇರುತ್ತದೆ. ವಿದ್ಯುತ್ತು ಪ್ಲಗ್ಗಿನ ನಡುಗಂಬಿಯಲ್ಲಿ ಇಳಿದು ತುದಿಯ ಸಂದಿಯನ್ನು ಹಾರಬೇಕು. ಆ ಸಂದಿ ಒಂದು ಮಿಲಿಮೀಟರ್ ಆಸುಪಾಸಿನದು. ಬೂಟ್ ಮತ್ತು ಪಿಂಗಾಣಿಯ ನಡುವೆ ತೇವ ಸೇರಿದರೆ ವಿದ್ಯುತ್ತು ತುದಿಗೆ ಹೋಗುವ ಬದಲು ಪಿಂಗಾಣಿಯ ಹೊರಮೈ ಮೇಲೆಯೇ ಹರಿದು ಎಂಜಿನ್ ಲೋಹಕ್ಕೆ ಹಾರುತ್ತದೆ. ಹಾಗೆ ಹಾರಿದ ಪ್ರತಿ ಸಲವೂ ಹಾದಿಯಲ್ಲಿ ಸ್ವಲ್ಪ ಇಂಗಾಲ ಬಿಟ್ಟುಹೋಗುತ್ತದೆ. ಇಂಗಾಲವೇ ವಿದ್ಯುತ್ತಿಗೆ ಒಳ್ಳೆಯ ದಾರಿ, ಆದ್ದರಿಂದ ಒಣಗಿದ ಮೇಲೂ ಆ ಕಳ್ಳದಾರಿ ಮುಚ್ಚುವುದಿಲ್ಲ. ಗೆರೆ ಪ್ಲಗ್ಗಿನ ಮೇಲೂ ಬೀಳುತ್ತದೆ, ಬೂಟಿನ ಒಳಮೈ ಮೇಲೂ ಬೀಳುತ್ತದೆ. ಹಳೆಯ ಬೂಟ್ ಉಳಿಸಿಕೊಂಡು ಪ್ಲಗ್ ಮಾತ್ರ ಹೊಸದು ಹಾಕಿದರೆ ಕೆಲವೇ ದಿನಗಳಲ್ಲಿ ಹೊಸ ಪ್ಲಗ್ಗಿಗೂ ಅದೇ ಗೆರೆ ಬೀಳುತ್ತದೆ. ನಿಮ್ಮಲ್ಲಿ ಪ್ಲಗ್ ಬದಲಿಸಿದಾಗ ಕೆಲವು ದಿನ ಚೆನ್ನಾಗಿದ್ದು ಮತ್ತೆ ಶುರುವಾಗಿದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಏರಿನಲ್ಲಿ ಮಾತ್ರ ಏಕೆ ಎಂಬುದಕ್ಕೂ ಉತ್ತರವಿದೆ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸಿಲಿಂಡರಿನೊಳಗೆ ಗಾಳಿ ಗಿಡಿದು ತುಂಬಿ ಒತ್ತಡ ಬಹಳ ಏರುತ್ತದೆ. ಒತ್ತಡ ಏರಿದಷ್ಟೂ ಸಂದಿಯನ್ನು ಹಾರಲು ಹೆಚ್ಚು ವೋಲ್ಟೇಜ್ ಬೇಕು. ಐಡಲ್‌ನಲ್ಲಿ ಹತ್ತು ಸಾವಿರ ವೋಲ್ಟ್ ಸುಮಾರಿಗೆ ಹಾರುವ ಕಿಡಿ ಈಗ ಇಪ್ಪತ್ತು ಸಾವಿರ ಅಥವಾ ಅದಕ್ಕೂ ಹೆಚ್ಚು ಕೇಳುತ್ತದೆ, ಆಗ ಹೊರಮೈಯ ಕಳ್ಳದಾರಿಯೇ ಅದಕ್ಕೆ ಸುಲಭವೆನಿಸುತ್ತದೆ. ಮೂರನೆಯ ಸಿಲಿಂಡರಿನ ಪ್ಲಗ್ ಬಿಚ್ಚಿ ಹಗಲು ಬೆಳಕಿನಲ್ಲಿ ನೋಡಿ.

ಕಾಫಿಸೀಮೆ, ಸಕಲೇಶಪುರ:
ಮೇಡಂ ಹೇಳಿದ್ದು ಅಕ್ಷರಶಃ ನಿಜವಾಯಿತು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಮೇಲಿನ ಲೋಹದ ತೊಟ್ಟಿನಿಂದ ಕೆಳಗಿನ ಷಟ್ಕೋನದವರೆಗೆ, ಪೆನ್ಸಿಲಿನಿಂದ ಎಳೆದಂಥ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇದೆ, ನಡುವೆ ಒಂದು ಕಡೆ ಕವಲೊಡೆದಿದೆ. ಬಟ್ಟೆಯಿಂದ ಉಜ್ಜಿದರೂ ಹೋಗುತ್ತಿಲ್ಲ. ಬೂಟಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಅದೇ ಎತ್ತರದಲ್ಲಿ ಸುಟ್ಟ ಕಲೆ ಕಾಣುತ್ತದೆ. ಪ್ಲಗ್ ಕೂರುವ ಗುಂಡಿಯ ತಳದಲ್ಲಿ ತುಕ್ಕು ಬಣ್ಣದ ನೀರು ನಿಂತಿತ್ತು, ಬಟ್ಟೆ ಅದ್ದಿ ತೆಗೆದೆ. ಎಣ್ಣೆಯ ಪಸೆ ಇಲ್ಲ, ಬರೀ ನೀರು. ಉಳಿದ ಮೂರು ಗುಂಡಿಗಳು ಒಣಗಿವೆ. ಈ ನೀರು ಎಲ್ಲಿಂದ ಬರುತ್ತಿದೆ?

ಹಳೇ ಗಾಡಿ, ಧಾರವಾಡ:
ವೈಪರ್ ಕೆಳಗಿನ ಪ್ಲಾಸ್ಟಿಕ್ ಕೌಲ್ ಬಿಚ್ಚಿ ನೋಡಿ. ಗಾಜಿನ ಮೇಲೆ ಬಿದ್ದ ಮಳೆನೀರೆಲ್ಲ ಅಲ್ಲಿಗೆ ಇಳಿದು ಎರಡೂ ಬದಿಯ ತೂತಿನಿಂದ ಹೊರಗೆ ಹೋಗಬೇಕು. ಕಾಫಿ ತೋಟದಲ್ಲಿ ಮರದ ಕೆಳಗೆ ಕಾರು ನಿಲ್ಲಿಸುವವರಾದರೆ ಎಲೆ ಕೊಳೆತು ಆ ತೂತು ಮುಚ್ಚಿರುತ್ತದೆ. ಆಗ ನೀರು ಉಕ್ಕಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ.

ಕಾಫಿಸೀಮೆ, ಸಕಲೇಶಪುರ:
ಹಿರಿಯರೇ, ನೀವು ನನ್ನ ತೋಟಕ್ಕೆ ಬಂದು ನೋಡಿದಂತೆ ಹೇಳಿದಿರಿ. ಸಿಲ್ವರ್ ಓಕ್ ಎಲೆ ಮತ್ತು ಮಣ್ಣು ಸೇರಿ ಚಾಲಕನ ಬದಿಯ ತೂತು ಪೂರ್ತಿ ಕಟ್ಟಿಕೊಂಡಿತ್ತು. ಒಂದು ಚೊಂಬು ನೀರು ಹಾಕಿದಾಗ ಅದು ಕೌಲ್ ಜೋಡಣೆಯ ಸಂದಿನಿಂದ ಸೋರಿ ನೇರವಾಗಿ ಮೂರನೆಯ ಕಾಯಿಲ್ ತಲೆಯ ಮೇಲೆ ಬೀಳುತ್ತಿತ್ತು.

ದಾವಣಗೆರೆ ಗ್ಯಾರೇಜ್:
ಕಾಯಿಲ್ ಅದಲುಬದಲು ಮಾಡಿದ್ದರಿಂದ ಸುಟ್ಟ ಬೂಟ್ ಈಗ ಒಂದನೆಯ ಪ್ಲಗ್ ಮೇಲೆ ಕೂತಿದೆ, ಅದರ ಮೇಲೂ ಗೆರೆ ಶುರುವಾಗಿರಬಹುದು. ಅದಲುಬದಲಿನ ನಂತರ ಮೂರರ ಮೇಲೆ ಕೂತ ಕಾಯಿಲಿನ ಬೂಟನ್ನೂ ಒಳಗೆ ಬೆಳಕು ಬಿಟ್ಟು ನೋಡಿ. ಗೆರೆ ಇರುವ ಯಾವುದನ್ನೂ ಒರೆಸಿ ಮತ್ತೆ ಹಾಕಬೇಡಿ. ಕೆಲವು ಕಾಯಿಲ್‌ಗಳಿಗೆ ಬೂಟ್ ಮಾತ್ರ ಬೇರೆಯಾಗಿ ಸಿಗುತ್ತದೆ, ಸಿಗದಿದ್ದರೆ ಆ ಒಂದು ಕಾಯಿಲ್ ಕೊಳ್ಳಬೇಕಾಗುತ್ತದೆ, ನಾಲ್ಕೂ ಬೇಕಿಲ್ಲ. ಪ್ಲಗ್ ಬಿಗಿಯುವಾಗ ಪಾನಾ ಓರೆಯಾದರೆ ಪಿಂಗಾಣಿ ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ, ಅಲ್ಲಿಂದಲೂ ಇದೇ ಕಥೆ ಶುರುವಾಗುತ್ತದೆ. ಆದ್ದರಿಂದ ನೇರವಾಗಿ ಕೂರುವ ಪ್ಲಗ್ ಪಾನಾ ಮತ್ತು ಟಾರ್ಕ್ ರೆಂಚ್ ಇರುವವರಿಂದಲೇ ಮಾಡಿಸಿ. ಬೂಟಿನ ಬಾಯಿಯೊಳಗೆ ವಿದ್ಯುತ್ತು ಹರಿಯದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿದರೆ ತೇವ ಒಳಗೆ ಹೋಗುವುದು ತಪ್ಪುತ್ತದೆ.

ಬಯಲುಸೀಮೆ, ಚಿತ್ರದುರ್ಗ:
ಈ ಕಾರಿನ ಮಟ್ಟಿಗೆ ಒಪ್ಪಿದೆ. ಆದರೂ ಪೆಟ್ರೋಲನ್ನು ಪರೀಕ್ಷಿಸುವ ಹಕ್ಕು ಗ್ರಾಹಕರಿಗಿದೆ ಎಂಬುದನ್ನು ಯಾರೂ ಮರೆಯಬಾರದು. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿದರೆ ಕೊಡಲೇಬೇಕು, ಡೆನ್ಸಿಟಿ ತೋರಿಸಿ ಎಂದರೂ ತೋರಿಸಬೇಕು. ಎಥನಾಲ್ ನೀರನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಟ್ಯಾಂಕನ್ನು ಅರ್ಧ ಖಾಲಿ ಬಿಟ್ಟು ಹೋಗಬಾರದು.

ಪಾಠದ ಮೇಜು, ಮೈಸೂರು:
ಇದನ್ನು ನಾನೂ ಪೂರ್ತಿಯಾಗಿ ಒಪ್ಪುತ್ತೇನೆ.

ಕಾಫಿಸೀಮೆ, ಸಕಲೇಶಪುರ:
ಒಂದು ಕಾಯಿಲ್, ಒಂದು ಮತ್ತು ಮೂರನೆಯ ಸಿಲಿಂಡರಿಗೆ ಹೊಸ ಪ್ಲಗ್, ಕೌಲ್ ಸಂದಿಗೆ ಹೊಸ ರಬ್ಬರ್ ಪಟ್ಟಿ ಹಾಕಿಸಿದೆ. ಎಲ್ಲ ಸೇರಿ ಪಂಪಿಗೆ ಹೇಳಿದ್ದ ಮೊತ್ತದ ಅರ್ಧವೂ ಆಗಲಿಲ್ಲ. ಒಳ್ಳೆಯ ಮಳೆಯಲ್ಲಿಯೇ ಗುಂಡ್ಯದಿಂದ ದೋಣಿಗಾಲ್‌ವರೆಗೆ ಮೂರನೆಯ ಗೇರಿನಲ್ಲಿ ಬೇಕೆಂದೇ ಒತ್ತಿ ಹತ್ತಿಸಿದೆ, ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ, ಕೋಡೂ ಬಂದಿಲ್ಲ. ಇಷ್ಟು ದಿನ ಉರಿಯದ ಪೆಟ್ರೋಲ್ ಹೋಗಿದ್ದರಿಂದ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿದೆಯೇ ಎಂದು ತಿಳಿಯುವುದು ಹೇಗೆ?

ಪಾಠದ ಮೇಜು, ಮೈಸೂರು:
ಎಂಜಿನ್ ಬಿಸಿಯಾದ ಮೇಲೆ ಒಂದೇ ವೇಗದಲ್ಲಿ ಓಡಿಸುತ್ತಾ ಹಿಂದಿನ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಓದಿಸಿ. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಏರಿಳಿಯುತ್ತಿರುವಾಗ ಹಿಂದಿನದು 0.6 ಅಥವಾ 0.7ರ ಬಳಿ ಹೆಚ್ಚು ಅಲುಗದೆ ನಿಂತರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಎರಡೂ ಒಂದೇ ರೀತಿ ಕುಣಿದರೆ ಅದು ಸೋತಿದೆ, ಮುಂದೆ ಪಿ 0420 ಕೋಡ್ ಬರುತ್ತದೆ. ಹೆಚ್ಚು ಆರ್‌ಪಿಎಂನಲ್ಲಿ ಉಸಿರು ಕಟ್ಟಿದಂತೆ ಎಳೆತ ಕುಸಿದರೆ ಒಳಗಿನ ಜೇನುಗೂಡು ಕರಗಿ ಮುಚ್ಚಿದೆಯೇ ಎಂದೂ ನೋಡಿಸಬೇಕು. ನೀವು ಹೇಳಿದ್ದನ್ನು ನೋಡಿದರೆ ಹಾಗಾದಂತೆ ತೋರುವುದಿಲ್ಲ.

ಗ್ಯಾಸ್ ಗಾಡಿ, ಹುಬ್ಬಳ್ಳಿ:
ನನ್ನ ಸಿಎನ್‌ಜಿ ಕಾರು ಸಹ ಏರಿನಲ್ಲಿ ಇದೇ ರೀತಿ ಮುಗ್ಗರಿಸುತ್ತದೆ. ನನಗೂ ಇದೇ ಪರಿಹಾರ ಸಾಕೇ?

ದಾವಣಗೆರೆ ಗ್ಯಾರೇಜ್:
ಅದೇ ಏರಿನಲ್ಲಿ ಸ್ವಿಚ್ ಒತ್ತಿ ಪೆಟ್ರೋಲಿಗೆ ಬದಲಿಸಿ ಓಡಿಸಿ, ಆಗಲೂ ಮುಗ್ಗರಿಸುತ್ತದೆಯೇ ಎಂದು ತಿಳಿಸಿ. ಸಿಎನ್‌ಜಿಗೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜಿನ ಕಿಡಿ ಬೇಕಾಗುವುದರಿಂದ ಸೋತ ಪ್ಲಗ್ಗು, ಕಾಯಿಲುಗಳು ಅಲ್ಲಿಯೇ ಮೊದಲು ಸಿಕ್ಕಿಬೀಳುತ್ತವೆ. ಪೆಟ್ರೋಲಿನಲ್ಲಿ ಸ್ವಲ್ಪವಾದರೂ ಮುಗ್ಗರಿಸಿದರೆ ಪ್ಲಗ್ ಬಿಚ್ಚಿ ಸಂದಿ ಅಳೆಯಿರಿ. ಪೆಟ್ರೋಲಿನಲ್ಲಿ ಏನೂ ಇಲ್ಲದಿದ್ದರೂ ಒಮ್ಮೆ ಪ್ಲಗ್ ನೋಡಿ, ಆಮೇಲೆ ಗ್ಯಾಸ್ ಫಿಲ್ಟರ್ ಮತ್ತು ರೆಗ್ಯುಲೇಟರಿನ ಕಡೆ ಹೋಗೋಣ.